ಸ್ವರಕ್ಕೊಂದು ಸೀಳು

ಗಿಟಾರನ್ನು ಕಂಡವರ ಕಣ್ಣು ಮೊದಲು ಹರಿಯುವುದು ಅದರ ನಡು ತಗ್ಗಿದ ಪೆಟ್ಟಿಗೆಯ ಕಡೆಗೆ, ಪೆಟ್ಟಿಗೆಯ ಮಧ್ಯದ ದುಂಡು ರಂಧ್ರದ ಕಡೆಗೆ, ಬಿಗಿದ ಆರು ತಂತಿಗಳ ಕಡೆಗೆ. ಉದ್ದನೆಯ ಕುತ್ತಿಗೆಯ ಮೇಲೆ ಅಡ್ಡಲಾಗಿ ಸಾಲುಗೊಂಡಿರುವ ಲೋಹದ ಸಣ್ಣ ಪಟ್ಟಿಗಳನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ವಾದ್ಯವು ಶ್ರುತಿಬದ್ಧವಾಗಿ ನುಡಿಯುವುದೂ ಅಪಸ್ವರ ನುಡಿಯುವುದೂ ಈ ಪಟ್ಟಿಗಳು ನಿಂತಿರುವ ಸ್ಥಾನವನ್ನು ಅವಲಂಬಿಸಿದೆ. ಇಂಗ್ಲಿಷಿನಲ್ಲಿ ಇವಕ್ಕೆ ‘ಫ್ರೆಟ್’ ಎಂದು ಹೆಸರು. ನಮ್ಮ ವೀಣೆಯಲ್ಲಿಯೂ ಇಂಥವು ಉಂಟು. ಅವನ್ನು ಮೆಟ್ಟಿಲುಗಳೆಂದು ಕರೆಯುವ ವಾಡಿಕೆ. ಗಿಟಾರಿನವನ್ನೂ ಹಾಗೆಯೇ ಕರೆಯಬಹುದು.

ಹೆಸರು ಒಂದೇ ಆದರೂ ಎರಡರ ಸ್ವಭಾವ ಬೇರೆ. ವೀಣೆಯ 24 ಮೆಟ್ಟಿಲುಗಳು ಮೇಣದ ದಿಂಡಿನ ಮೇಲೆ ಕುಳಿತಿರುತ್ತವೆ. ಕಾಲಕ್ರಮದಲ್ಲಿ ಸ್ವರ ಕೆಟ್ಟರೆ ಮೇಣವನ್ನು ಮೆದುಗೊಳಿಸಿ, ತಂತಿಯನ್ನು ಮಿಡಿದು ಕಿವಿಗೊಟ್ಟು ಆಲಿಸುತ್ತ, ಮೆಟ್ಟಿಲನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ನಿಲ್ಲಿಸುತ್ತಾರೆ. ಇದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ಸಿತಾರಿನ ಮೆಟ್ಟಿಲುಗಳನ್ನು ದಾರದಿಂದ ಬಿಗಿದಿರುವುದರಿಂದ ಅವನ್ನು ಸರಿಸುವುದು ಇನ್ನೂ ಸುಲಭ. ಯುರೋಪಿನ ಹಳೆಯ ಲ್ಯೂಟಿನಲ್ಲಿಯೂ ಹಳೆಯ ಗಿಟಾರಿನಲ್ಲಿಯೂ ಪ್ರಾಣಿಯ ಕರುಳಿನಿಂದ ಮಾಡಿದ ತಂತಿಯನ್ನೇ ಕುತ್ತಿಗೆಗೆ ಸುತ್ತಿ ಮೆಟ್ಟಿಲು ಮಾಡುತ್ತಿದ್ದರು. ಹದಿನೆಂಟನೆಯ ಶತಮಾನವು ಮುಗಿಯುವ ಹೊತ್ತಿಗೆ ಲೋಹದ ಮೆಟ್ಟಿಲನ್ನು ಮರದೊಳಗೆ ಹೂಳುವ ಪದ್ಧತಿಯು ಗಿಟಾರಿಗೆ ಬಂದಿತು. ಅಂದಿನಿಂದ ಸ್ವರವನ್ನು ತಿದ್ದಿಕೊಳ್ಳುವ ಸ್ವಾತಂತ್ರ್ಯವು ನುಡಿಸುವವನ ಕೈತಪ್ಪಿತು. ಮರದ ಮೇಲೆ ಗರಗಸವಾಡಿದ ಗಳಿಗೆಯಲ್ಲಿಯೇ ಆ ವಾದ್ಯದ ಸ್ವರಸ್ಥಾನ ನಿಶ್ಚಯವಾಗಿಬಿಡುತ್ತದೆ. ಆದುದರಿಂದ ಗಿಟಾರು ತಯಾರಿಸುವವನಿಗೆ ಮೆಟ್ಟಿಲಿನ ಸೀಳು ಕೊಯ್ಯುವಷ್ಟು ಎಚ್ಚರದ ಕೆಲಸ ಬೇರೊಂದಿಲ್ಲ.

ಸೀಳನ್ನು ಎಲ್ಲಿ ಕೊಯ್ಯಬೇಕು? ತಂತಿಯು ಕುತ್ತಿಗೆಯ ತುದಿಯಲ್ಲಿ ಒಂದು ಸಣ್ಣ ದಿಂಡಿನ ಮೇಲೆ ಆತು ನಿಂತಿರುತ್ತದೆ. ಇದನ್ನು ‘ನಟ್’ ಎನ್ನುತ್ತಾರೆ. ಬೋಲ್ಟಿಗೆ ತಿರುಗಿಸುವ ನಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ತಂತಿಯ ಇನ್ನೊಂದು ಕೊನೆಗೆ ಆಧಾರವು ಪೆಟ್ಟಿಗೆಯ ಮೇಲಿನ ಕುದುರೆ. ಇವೆರಡರ ನಡುವಣ ತಂತಿಯ ಉದ್ದವು ಸ್ಪ್ಯಾನಿಷ್ ಗಿಟಾರಿನಲ್ಲಿ ಸಾಮಾನ್ಯವಾಗಿ 650 ಮಿಲಿಮೀಟರು. ಸ್ಪೇನ್ ದೇಶದ ಅಂತೋನಿಯೊ ದೆ ತೊರೆಸ್ (1817–1892) ಎಂಬ ಕುಶಲಕರ್ಮಿಯು ರೂಪಿಸಿದ ಗಿಟಾರುಗಳಿಂದ ಈ ಅಳತೆಯು ರೂಢಿಗೆ ಬಂದಿತು. ತಂತಿಯ ಉದ್ದವನ್ನು ಅರ್ಧಕ್ಕೆ ಇಳಿಸಿದರೆ ಅದರ ಕಂಪನ ಸಂಖ್ಯೆ ಇಮ್ಮಡಿಯಾಗುತ್ತದೆ. ಬಿಟ್ಟ ತಂತಿಯು ಷಡ್ಜವನ್ನು ನುಡಿದರೆ ಅರ್ಧ ತಂತಿಯು ಮೇಲಿನ ಸ್ಥಾಯಿಯ ಷಡ್ಜವನ್ನು ನುಡಿಯುತ್ತದೆ. ಇವೆರಡರ ನಡುವೆ ಹನ್ನೆರಡು ಹೆಜ್ಜೆಗಳು. ಆದ್ದರಿಂದ ಹನ್ನೆರಡನೆಯ ಮೆಟ್ಟಿಲು ನಟ್ಟಿನಿಂದ ಸರಿಯಾಗಿ 325 ಮಿಲಿಮೀಟರ್ ದೂರದಲ್ಲಿ ಇರಬೇಕು.

ಹಾಗಾದರೆ 325 ಮಿಲಿಮೀಟರನ್ನು ಹನ್ನೆರಡರಿಂದ ಭಾಗಿಸಿ ಸಮಾನ ದೂರದಲ್ಲಿ ಗೆರೆ ಎಳೆದರೆ ಸಾಲದೆ? ಸಾಲದು. ಕಿವಿಗೆ ಸಮಾನವಾಗಿ ಕೇಳಿಸಬೇಕಾದ ಹೆಜ್ಜೆಗಳು ಅಳತೆಪಟ್ಟಿಯ ಮೇಲೆ ಸಮಾನವಾಗಿರುವುದಿಲ್ಲ. ಪ್ರತಿಯೊಂದು ಹೆಜ್ಜೆಯಲ್ಲಿಯೂ ತಂತಿಯು, ಉಳಿದಿರುವ ತನ್ನ ಉದ್ದದ ಒಂದು ನಿಶ್ಚಿತ ಭಾಗದಷ್ಟು ಕಿರಿದಾಗಬೇಕು. ಗಣಿತದ ಪಾಠದಲ್ಲಿ ಗುಣೋತ್ತರ ಶ್ರೇಢಿಯನ್ನು ಕಲಿತವರಿಗೆ ಇದು ಕೂಡಲೇ ತಿಳಿಯುತ್ತದೆ. ಖಗೋಳ ವಿಜ್ಞಾನಿ ಗೆಲಿಲಿಯೋನ ತಂದೆ ವಿನ್ಸೆಂಜೊ ಗೆಲಿಲಿ ಸ್ವತಃ ಲ್ಯೂಟ್ ವಾದಕ. ಆತನು 1581ರಲ್ಲಿ ಪ್ರಕಟಿಸಿದ ತನ್ನ ಸಂಗೀತ ಗ್ರಂಥದಲ್ಲಿ ಇದಕ್ಕೊಂದು ಸುಲಭ ಸೂತ್ರವನ್ನು ಕೊಟ್ಟನು: ಉಳಿದ ಉದ್ದವನ್ನು 18ರಿಂದ ಭಾಗಿಸು, ಬಂದಷ್ಟು ದೂರದಲ್ಲಿ ಮುಂದಿನ ಮೆಟ್ಟಿಲನ್ನು ನಿಲ್ಲಿಸು. ಕೈವಾರವೊಂದಿದ್ದರೆ ಸಾಕು, ಅಕ್ಷರ ಬಾರದ ಬಡಗಿಯೂ ಇದನ್ನು ಅನುಸರಿಸಬಹುದಾಗಿತ್ತು. ಮುಂದೆ ಹಲವು ತಲೆಮಾರುಗಳ ವಾದ್ಯಶಿಲ್ಪಿಗಳು ಇದನ್ನೇ ಅನುಸರಿಸಿದರು.

ಆದರೆ ಸೂತ್ರದಲ್ಲಿ ಒಂದು ಸಣ್ಣ ಕೊರತೆಯಿತ್ತು. 650 ಮಿಲಿಮೀಟರಿನ ತಂತಿಗೆ ಹದಿನೆಂಟರ ಲೆಕ್ಕವನ್ನು ಹನ್ನೆರಡು ಸಲ ಮಾಡಿದರೆ ಹನ್ನೆರಡನೆಯ ಮೆಟ್ಟಿಲು 325ರ ಬದಲು ಸುಮಾರು 322.6 ಮಿಲಿಮೀಟರಿನಲ್ಲಿಯೇ ನಿಂತುಬಿಡುತ್ತದೆ. ಎರಡೂಕಾಲು ಮಿಲಿಮೀಟರಿಗೂ ಮಿಕ್ಕ ಈ ಅಂತರವು ಒಳ್ಳೆಯ ಕಿವಿಗೆ ಗೊತ್ತಾಗುವಂಥದು. ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಬೇಕು. ಬೆರಳಿನಿಂದ ಒತ್ತಿದಾಗ ತಂತಿಯು ಕೊಂಚ ಹಿಗ್ಗಿ ಸ್ವರವು ತುಸು ಮೇಲೇರುತ್ತದೆ. ಹದಿನೆಂಟರ ಸೂತ್ರವಾದರೋ ಸ್ವರವನ್ನು ತುಸು ಕೆಳಗಿಳಿಸುತ್ತದೆ. ಒಂದು ತಪ್ಪು ಇನ್ನೊಂದನ್ನು ಸ್ವಲ್ಪಮಟ್ಟಿಗೆ ಮುಚ್ಚುತ್ತಿತ್ತು. ಸೂತ್ರವು ಅಷ್ಟು ಕಾಲ ಬಾಳಿದುದಕ್ಕೆ ಇದೂ ಒಂದು ಕಾರಣವಿದ್ದೀತು.

ಕರಾರುವಾಕ್ಕಾದ ಸಂಖ್ಯೆಯು 18 ಅಲ್ಲ, 17.817. ಎರಡರ ಹನ್ನೆರಡನೆಯ ಮೂಲವನ್ನು ಕಂಡುಹಿಡಿದರೆ ಇದು ದೊರೆಯುತ್ತದೆ. ಆ ಮೂಲದ ಲೆಕ್ಕವನ್ನು ಚೀನಾದ ಮಿಂಗ್ ರಾಜವಂಶದ ಜೂ ಜೈಯು 1584ರಷ್ಟು ಹಿಂದೆಯೇ ಮಾಡಿದ್ದನು. ಈ ಸಂಖ್ಯೆಯಿಂದ ಭಾಗಿಸಿದರೆ ಮೊದಲ ಮೆಟ್ಟಿಲು ನಟ್ಟಿನಿಂದ 36.48 ಮಿಲಿಮೀಟರಿನಲ್ಲಿ, ಎರಡನೆಯದು ಅಲ್ಲಿಂದ 34.43ರಲ್ಲಿ, ಮೂರನೆಯದು ಅಲ್ಲಿಂದ 32.5ರಲ್ಲಿ ಬರುತ್ತದೆ. ಹೀಗೆ ಕಿರಿದಾಗುತ್ತ ಸಾಗಿ, ಹನ್ನೊಂದನೆಯ ಮತ್ತು ಹನ್ನೆರಡನೆಯ ಮೆಟ್ಟಿಲುಗಳ ನಡುವೆ ಉಳಿಯುವ ಅಂತರ 19.33 ಮಾತ್ರ. ಗಿಟಾರಿನ ಕುತ್ತಿಗೆಯ ಮೇಲೆ ಮೆಟ್ಟಿಲುಗಳು ಪೆಟ್ಟಿಗೆಯ ಕಡೆಗೆ ಹೋದಂತೆ ಒತ್ತೊತ್ತಾಗುವುದು ಅಂದಕ್ಕಾಗಿ ಅಲ್ಲ.

ಈ ಅಳತೆಗಳನ್ನು ಮರದ ಮೇಲೆ ಗುರುತಿಸುವಾಗ ಹೊಸಬರು ಮಾಡುವ ಸಾಮಾನ್ಯ ತಪ್ಪೊಂದಿದೆ. ಒಂದು ಗೆರೆಯಿಂದ ಮುಂದಿನ ಗೆರೆಗೆ ಅಳೆಯುತ್ತ ಹೋಗುವುದೇ ಆ ತಪ್ಪು. ಪ್ರತಿ ಸಲವೂ ಒಂದೇ ಕಡೆಗೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಜಾರಿದರೂ ಹತ್ತೊಂಬತ್ತನೆಯ ಮೆಟ್ಟಿಲಿಗೆ ಬರುವ ವೇಳೆಗೆ ಸುಮಾರು 2 ಮಿಲಿಮೀಟರು ತಪ್ಪಿರುತ್ತದೆ. ಅನುಭವಿಯು ಪ್ರತಿಯೊಂದು ಗೆರೆಯನ್ನೂ ನಟ್ಟಿನಿಂದಲೇ ಅಳೆಯುತ್ತಾನೆ. ಆಗ ಒಂದರ ತಪ್ಪು ಇನ್ನೊಂದಕ್ಕೆ ಹರಡುವುದಿಲ್ಲ.

ಇನ್ನು ಸೀಳಿನ ಅಗಲ. ಮೆಟ್ಟಿಲಿನ ಲೋಹವನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಅಣಬೆಯ ಆಕಾರ ಕಾಣುತ್ತದೆ: ಮೇಲೆ ದುಂಡು ತಲೆ, ಕೆಳಗೆ ತೆಳುವಾದ ಕಾಲು. ತಲೆ ಹೊರಗೆ ಉಳಿದು ಕಾಲು ಮರದಲ್ಲಿ ಇಳಿಯುತ್ತದೆ. ಇದನ್ನು ತಾಮ್ರ, ನಿಕಲ್ ಮತ್ತು ಸತುವುಗಳ ಮಿಶ್ರಲೋಹದಿಂದ ಮಾಡುತ್ತಾರೆ. ಜರ್ಮನ್ ಸಿಲ್ವರ್ ಎಂದು ಪಾತ್ರೆಯಂಗಡಿಯಲ್ಲಿ ಹೇಳುವುದು ಇದನ್ನೇ; ಹೆಸರಿನಲ್ಲಿ ಬೆಳ್ಳಿಯಿದ್ದರೂ ಲೋಹದಲ್ಲಿಲ್ಲ. ಕಾಲಿನ ದಪ್ಪ ಸುಮಾರು ಅರ್ಧ ಮಿಲಿಮೀಟರು, ಅದರ ಎರಡು ಮೈಗಳಲ್ಲಿಯೂ ಸಣ್ಣ ಸಣ್ಣ ಉಬ್ಬುಗಳು. ಸೀಳು ಸುಮಾರು 0.6 ಮಿಲಿಮೀಟರ್ ಅಗಲವಿದ್ದರೆ ಮೆಟ್ಟಿಲನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಈ ಉಬ್ಬುಗಳು ಮರವನ್ನು ಕಚ್ಚಿ ಹಿಡಿಯುತ್ತವೆ. ಸೀಳು ಹೆಚ್ಚು ಅಗಲವಾದರೆ ಮೆಟ್ಟಿಲು ಸಡಿಲಗೊಂಡು ತಂತಿ ಝಿರ್ರೆನ್ನುತ್ತದೆ. ಕಿರಿದಾದರೆ ತೊಂದರೆಯಿಲ್ಲವೆಂದು ತೋರಬಹುದು. ಆದರೆ ಆಗ ಇಪ್ಪತ್ತು ಮೆಟ್ಟಿಲುಗಳು ಇಪ್ಪತ್ತು ಬೆಣೆಗಳಂತೆ ಮರವನ್ನು ಹಿಗ್ಗಿಸಿ, ಕುತ್ತಿಗೆಯನ್ನೇ ಹಿಂದಕ್ಕೆ ಬಾಗಿಸಿಬಿಡುತ್ತವೆ. ಇಲ್ಲಿ ಕೂಡುವ ಕಳೆಯುವ ಪ್ರಶ್ನೆಯೆಲ್ಲ ಕಾಗದದ ಒಂದು ಹಾಳೆಯ ದಪ್ಪದಷ್ಟು.

ಇಷ್ಟು ನವಿರಾದ ಸೀಳನ್ನು ಬಹುಕಾಲ ಕೈಗರಗಸದಿಂದಲೇ ಕೊಯ್ಯುತ್ತಿದ್ದರು. ಬೆನ್ನಿಗೆ ಹಿತ್ತಾಳೆಯ ಪಟ್ಟಿಯಿರುವ, ತೆಳು ಅಲಗಿನ ಗರಗಸವದು. ಅಲಗು ಓರೆಯಾಗದಂತೆ ಎರಡು ಪಕ್ಕಗಳಲ್ಲಿಯೂ ಆಸರೆಯಿರುವ ಮರದ ಚೌಕಟ್ಟಿನೊಳಗೆ ಅದನ್ನು ಆಡಿಸುತ್ತಾರೆ. ಇಂದಿಗೂ ಒಂಟಿಯಾಗಿ ಕುಳಿತು ವರ್ಷಕ್ಕೆ ಕೆಲವೇ ಗಿಟಾರುಗಳನ್ನು ಮಾಡುವ ಅನೇಕರು ಈ ಕ್ರಮವನ್ನು ಬಿಟ್ಟಿಲ್ಲ. ಸದ್ದಿಲ್ಲ, ಧೂಳು ಕಡಿಮೆ. ಗರಗಸವು ಗೆರೆ ತಪ್ಪುವ ಸೂಚನೆ ಕಂಡರೆ ಅರೆಕ್ಷಣದಲ್ಲಿ ನಿಲ್ಲಿಸಬಹುದು. ಆದರೆ ದಿನಕ್ಕೆ ಹತ್ತಾರು ಗಿಟಾರುಗಳು ಹೊರಬೀಳಬೇಕಾದ ಕಾರ್ಖಾನೆಯಲ್ಲಿ ಇದು ನಡೆಯುವ ಮಾತಲ್ಲ. ಅಲ್ಲಿಗೆ ವಿದ್ಯುತ್ ಗರಗಸವು ಬಂದಿತು.

ಮರ ಕೊಯ್ಯುವ ಸಾಮಿಲ್ಲುಗಳಲ್ಲಿ ಮೇಜಿನ ಸೀಳಿನಿಂದ ಮೇಲಕ್ಕೆ ಎದ್ದು ಗಿರ್ರೆಂದು ತಿರುಗುವ ಹಲ್ಲಿನ ಚಕ್ರವನ್ನು ಬಹುಮಂದಿ ನೋಡಿರುತ್ತಾರೆ. ಅದರ ಹಲ್ಲು ಕೊಯ್ದ ದಾರಿಯ ಅಗಲ 3 ಮಿಲಿಮೀಟರಿನಷ್ಟು, ಎಂದರೆ ಮೆಟ್ಟಿಲಿಗೆ ಬೇಕಾದುದರ ಐದರಷ್ಟು. ಆದುದರಿಂದ ಈ ಕೆಲಸಕ್ಕೆ ಬೇರೆಯ ಚಕ್ರವೇ ಬೇಕು. ಅದರ ವ್ಯಾಸ ಸುಮಾರು 150 ಮಿಲಿಮೀಟರು. ಕೊಯ್ಯುವ ಅಗಲ 0.6 ಮಿಲಿಮೀಟರು. ಸಾಮಾನ್ಯ ಗರಗಸಗಳಲ್ಲಿ ಅಲಗು ಮರದಲ್ಲಿ ಸಿಕ್ಕಿಕೊಳ್ಳದಿರಲೆಂದು ಹಲ್ಲುಗಳನ್ನು ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಬಾಗಿಸಿರುತ್ತಾರೆ. ಈ ಚಕ್ರದಲ್ಲಿ ಹಾಗೆ ಬಾಗಿಸುವಂತಿಲ್ಲ. ಬಾಗಿಸಿದರೆ ಸೀಳು ಅಗಲವಾಗುತ್ತದೆ. ಬಾಗಿಸದಿದ್ದರೆ ಅಲಗಿನ ಮೈ ಮರಕ್ಕೆ ಉಜ್ಜಿ ಬಿಸಿಯಾಗುತ್ತದೆ. ಬಿಸಿಯಾದ ತೆಳು ತಗಡು ನಡುಗಲಾರಂಭಿಸುತ್ತದೆ. ಇದಕ್ಕೆ ಕಂಡುಕೊಂಡ ಉಪಾಯವೇನೆಂದರೆ, ಚಕ್ರದ ಎರಡು ಪಕ್ಕಗಳಲ್ಲಿಯೂ ದಪ್ಪನೆಯ ಲೋಹದ ಬಿಲ್ಲೆಗಳನ್ನು ಬಿಗಿದು, ಅಂಚಿನ ಸ್ವಲ್ಪ ಭಾಗವನ್ನು ಮಾತ್ರ ಹೊರಗೆ ಬಿಡುವುದು. ಸೀಳಿನ ಆಳ ಎರಡು ಮೂರು ಮಿಲಿಮೀಟರನ್ನು ಮೀರದುದರಿಂದ ಅಷ್ಟು ಹೊರಗಿದ್ದರೆ ಸಾಕು. ಮರವನ್ನು ಮಾತ್ರ ಅವಸರಪಡದೆ ಒಂದೇ ಸಮನೆ ನೂಕಬೇಕು.

ಆದರೆ ಚಕ್ರಕ್ಕೆ ಲೆಕ್ಕ ಬರುವುದಿಲ್ಲ; ಎಲ್ಲಿ ಕೊಯ್ಯಬೇಕೆಂಬುದನ್ನು ಅದಕ್ಕೆ ತಿಳಿಸುವುದು ಅಚ್ಚುಪಟ್ಟಿ. ಲೋಹದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಉದ್ದನೆಯ ಪಟ್ಟಿಯೊಂದರ ಅಂಚಿನಲ್ಲಿ, ಲೆಕ್ಕಹಾಕಿದ ದೂರಗಳಿಗೆ ಸರಿಯಾಗಿ ಕಚ್ಚುಗಳನ್ನು ಮಾಡಿರುತ್ತಾರೆ. ಮೆಟ್ಟಿಲುಗಳನ್ನು ಹೂಳಬೇಕಾದ ಮರದ ಪಟ್ಟಿಗೆ ಬೆರಳುಹಲಗೆ ಎನ್ನಬಹುದು. ಸುಮಾರು 6 ಮಿಲಿಮೀಟರ್ ದಪ್ಪದ ಈ ಹಲಗೆಯನ್ನು ಕುತ್ತಿಗೆಗೆ ಅಂಟಿಸುವ ಮೊದಲೇ ಸೀಳುವುದು ಕ್ರಮ. ಹಲಗೆಯನ್ನು ಅಚ್ಚುಪಟ್ಟಿಯ ಮೇಲೆ ಎರಡೂ ಮೈಯಲ್ಲಿ ಅಂಟಿರುವ ಪಟ್ಟಿಯಿಂದ ಕೂರಿಸುತ್ತಾರೆ. ಗರಗಸದ ಮೇಜಿನ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಒಂದು ಮಣೆಯಿದೆ. ಮಣೆಯಲ್ಲಿ ಒಂದು ಚಿಕ್ಕ ಗೂಟವಿದೆ. ಮೊದಲ ಕಚ್ಚು ಗೂಟದಲ್ಲಿ ಕೂತಿತು, ಮಣೆಯನ್ನು ಮುಂದಕ್ಕೆ ನೂಕಿದರೆ ಒಂದು ಸೀಳು. ಮಣೆಯನ್ನು ಹಿಂದಕ್ಕೆಳೆದು ಎರಡನೆಯ ಕಚ್ಚನ್ನು ಗೂಟಕ್ಕೆ ಸಿಕ್ಕಿಸಿ ನೂಕಿದರೆ ಇನ್ನೊಂದು ಸೀಳು. ಕೈಗರಗಸಕ್ಕೆ ಒಂದು ಗಂಟೆ ಹಿಡಿಯುವ ಕೆಲಸವು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ದೊಡ್ಡ ಕಾರ್ಖಾನೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದುವು. ಒಂದೇ ಅಚ್ಚಿನ ಮೇಲೆ ಇಪ್ಪತ್ತಕ್ಕೂ ಹೆಚ್ಚು ಚಕ್ರಗಳನ್ನು ತಕ್ಕ ತಕ್ಕ ದೂರದಲ್ಲಿ ಪೋಣಿಸಿ, ಹಲಗೆಯನ್ನು ಒಮ್ಮೆ ದಾಟಿಸಿದರೆ ಎಲ್ಲ ಸೀಳುಗಳೂ ಒಟ್ಟಿಗೇ ಬೀಳುವಂತೆ ಮಾಡಿದುವು. ಈಚೆಗೆ ಕಂಪ್ಯೂಟರಿನ ಆಜ್ಞೆಯಂತೆ ಚಲಿಸುವ, ಸೂಜಿಯಂತಹ ಕೊರೆಯುಳಿಯು ಕೂಡ ಈ ಕೆಲಸಕ್ಕೆ ಬಂದಿದೆ.

ಯಂತ್ರವು ದಣಿಯುವುದಿಲ್ಲ, ಅದರ ಕೈ ನಡುಗುವುದಿಲ್ಲ ಎಂಬುದು ನಿಜ. ಆದರೆ ಅದು ಸರಿಯನ್ನು ಎಷ್ಟು ನಿಷ್ಠೆಯಿಂದ ಪುನರಾವರ್ತಿಸುವುದೋ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಪುನರಾವರ್ತಿಸುತ್ತದೆ. ಕೈಗರಗಸದವನು ಏಳನೆಯ ಸೀಳಿನಲ್ಲಿ ಎಡವಿದರೆ ಒಂದು ಹಲಗೆ ಕೆಡುತ್ತದೆ. ಅಚ್ಚುಪಟ್ಟಿಯ ಏಳನೆಯ ಕಚ್ಚು ಅರ್ಧ ಮಿಲಿಮೀಟರು ತಪ್ಪಿದ್ದರೆ ಆ ಪಟ್ಟಿಯಿಂದ ಹುಟ್ಟಿದ ಎಲ್ಲ ಗಿಟಾರುಗಳೂ ಏಳನೆಯ ಮೆಟ್ಟಿಲಿನಲ್ಲಿಯೇ ತಪ್ಪುತ್ತವೆ. ಮಣೆಯ ವಿಷಯವೂ ಹೀಗೆಯೇ. ಅದು ಚಕ್ರಕ್ಕೆ ಲಂಬವಾಗಿರಬೇಕು. ಕೇವಲ ಅರ್ಧ ಡಿಗ್ರಿ ಓರೆಯಾಗಿದ್ದರೂ, 56 ಮಿಲಿಮೀಟರ್ ಅಗಲದ ಹಲಗೆಯಲ್ಲಿ ಸೀಳಿನ ಒಂದು ತುದಿಯು ಇನ್ನೊಂದಕ್ಕಿಂತ ಸುಮಾರು ಅರ್ಧ ಮಿಲಿಮೀಟರು ಮುಂದಿರುತ್ತದೆ. ದಪ್ಪ ತಂತಿಗೊಂದು ಸ್ವರಸ್ಥಾನ, ತೆಳು ತಂತಿಗೆ ಇನ್ನೊಂದು ಎಂದಾಗುತ್ತದೆ. ಅರ್ಧ ಮಿಲಿಮೀಟರೆಂದರೆ ಎಷ್ಟು? ಮೊದಲ ಮೆಟ್ಟಿಲಿನ ಬಳಿ ಅದು ಒಂದು ಹೆಜ್ಜೆಯ ನೂರರಲ್ಲಿ ಒಂದೂವರೆ ಭಾಗಕ್ಕೂ ಕಡಿಮೆ. ತಂತಿಯು ಅರ್ಧಕ್ಕೆ ಇಳಿದ ಹನ್ನೆರಡನೆಯ ಮೆಟ್ಟಿಲಿನಲ್ಲಿ ಎರಡೂವರೆ ಭಾಗಕ್ಕೂ ಹೆಚ್ಚು. ಆದ್ದರಿಂದ ಬಲ್ಲವರು ಬೆಲೆಬಾಳುವ ಮರವನ್ನು ಮುಟ್ಟುವ ಮೊದಲು ಯಾವುದಾದರೂ ಕೆಲಸಕ್ಕೆ ಬಾರದ ತುಂಡಿನ ಮೇಲೆ ಎಲ್ಲ ಸೀಳುಗಳನ್ನೂ ಕೊಯ್ದು, ಮೂಲೆಮಟ್ಟವಿಟ್ಟು, ನಟ್ಟಿನಿಂದ ಅಳೆದು ನೋಡುತ್ತಾರೆ.

ಆಳವನ್ನು ಕುರಿತೂ ಒಂದು ಮಾತು ಹೇಳಬೇಕು, ಏಕೆಂದರೆ ನುರಿತವರೂ ಇಲ್ಲಿ ಮೋಸಹೋಗುವುದುಂಟು. ಸ್ಪ್ಯಾನಿಷ್ ಗಿಟಾರಿನ ಬೆರಳುಹಲಗೆಯು ಸಾಮಾನ್ಯವಾಗಿ ಮಟ್ಟಸವಾಗಿರುತ್ತದೆ. ಉಕ್ಕಿನ ತಂತಿಯ ಗಿಟಾರುಗಳಲ್ಲಿ ಬೆರಳಿಗೆ ಹಿತವಾಗಲೆಂದು ಅದನ್ನು ನಡುವೆ ಎತ್ತರವಾಗಿಯೂ ಅಂಚುಗಳಲ್ಲಿ ತಗ್ಗಾಗಿಯೂ ಬಾಗಿಸಿ ತೀಡುತ್ತಾರೆ. ಮೇಜಿನ ಗರಗಸವು ಕೊಯ್ಯುವುದು ಬಾಗಿಸುವುದಕ್ಕೆ ಮುಂಚೆ, ಮಟ್ಟಸವಾದ ಹಲಗೆಯಲ್ಲಿ. ಬಾಗು 305 ಮಿಲಿಮೀಟರ್ ತ್ರಿಜ್ಯದ ವೃತ್ತದ ತುಂಡಿನಂತಿದ್ದರೆ, 56 ಮಿಲಿಮೀಟರ್ ಅಗಲದ ಹಲಗೆಯ ಅಂಚಿನಿಂದ ಸುಮಾರು 1.3 ಮಿಲಿಮೀಟರು ಮರ ತೀಡಿ ಹೋಗುತ್ತದೆ. ಎರಡೂವರೆ ಮಿಲಿಮೀಟರು ಆಳವಾಗಿ ಕೊಯ್ದಿದ್ದ ಸೀಳು ಅಂಚಿನಲ್ಲಿ ಒಂದು ಕಾಲಿಗೆ ಇಳಿದಿರುತ್ತದೆ; ಮೆಟ್ಟಿಲಿನ ಕಾಲು ಅಲ್ಲಿ ಕೂರುವುದೇ ಇಲ್ಲ. ಕೊನೆಗೆ ಮತ್ತೆ ಕೈಗರಗಸವನ್ನೇ ಹಿಡಿದು ಅಂಚುಗಳನ್ನು ಆಳಗೊಳಿಸಬೇಕಾಗುತ್ತದೆ.

ಗರಗಸದ ಚಕ್ರವು ನಿಮಿಷಕ್ಕೆ 3000 ಸಲ ತಿರುಗಿದರೆ ಅದರ ಹಲ್ಲುಗಳು ಗಂಟೆಗೆ ಸುಮಾರು 85 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತವೆ. ಹೆದ್ದಾರಿಯಲ್ಲಿ ಓಡುವ ಬಸ್ಸಿನ ವೇಗವದು. ಅದು ಕೊಯ್ಯಬೇಕಾದ ಹಲಗೆಯೋ ಗೇಣಿನ ಅರ್ಧಕ್ಕಿಂತಲೂ ಕಿರಿದು. ಹಲಗೆಯನ್ನು ಬರಿಗೈಯಿಂದ ಹಿಡಿದು ನೂಕುವುದು ಬೆರಳುಗಳನ್ನು ಪಣವಿಟ್ಟಂತೆ. ಜಾರುವ ಮಣೆಯ ಮುಖ್ಯ ಪ್ರಯೋಜನ ಅಳತೆಯಲ್ಲ, ಕೈಗಳನ್ನು ಚಕ್ರದಿಂದ ದೂರವಿಡುವುದು ಎಂದರೂ ಸಲ್ಲುತ್ತದೆ. ಹಲಗೆಯು ಓರೆಯಾಗಿ ಚಕ್ರಕ್ಕೆ ಸಿಕ್ಕಿಕೊಂಡರೆ ಚಕ್ರವು ಅದನ್ನು ನಿಂತವನ ಮೇಲೆಯೇ ಎಸೆಯಬಲ್ಲದು. ದೇಹವು ವಿದ್ಯುತ್ತನ್ನು ಹರಿಯಗೊಡುತ್ತದೆಂಬ ಗುಣವನ್ನು ಬಳಸಿಕೊಂಡು, ಬೆರಳು ತಗುಲಿದೊಡನೆ ಸೆಕೆಂಡಿನ ಸಾವಿರದಲ್ಲಿ ಐದು ಭಾಗದಷ್ಟು ಹೊತ್ತಿನಲ್ಲಿ ಚಕ್ರವನ್ನು ನಿಲ್ಲಿಸುವ ಗರಗಸಗಳು ಈ ಶತಮಾನದಲ್ಲಿ ಬಂದಿವೆ. ಅವು ದುಬಾರಿ, ಬಹುಪಾಲು ಕಾರ್ಯಾಗಾರಗಳಲ್ಲಿ ಇರುವುದು ಹಳೆಯ ಗರಗಸಗಳೇ. ಇದಲ್ಲದೆ, ಕಣ್ಣಿಗೆ ಕಾಣದ ಇನ್ನೊಂದು ಅಪಾಯ ಧೂಳು. ನವಿರಾದ ಚಕ್ರದಿಂದ ಬರುವ ಹುಡಿಯೂ ನವಿರಾದುದು. ಮರದ ಧೂಳನ್ನು ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು 1995ರಲ್ಲಿ ಸೇರಿಸಿತು. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು. ಸರಿಯಾದ ಮುಸುಕೂ ಧೂಳನ್ನು ಹೀರುವ ಯಂತ್ರವೂ ಬೇಕು.

ಹೀಗೆ ಕೊಯ್ಯಿಸಿಕೊಳ್ಳುವ ಮರ ಯಾವುದು? ಕರಿಮರ, ಮೇಪಲ್ ಮುಂತಾದುವು ಬಳಕೆಯಲ್ಲಿದ್ದರೂ ಹೆಚ್ಚಿನ ಗಿಟಾರುಗಳ ಬೆರಳುಹಲಗೆಗೆ ಒದಗಿರುವುದು ರೋಸ್‌ವುಡ್, ಎಂದರೆ ಬೀಟೆಯ ಜಾತಿ. ಹಿಂದೆ ಬ್ರೆಜಿಲ್ ದೇಶದ ಬೀಟೆಗೆ ಮೊದಲ ಮನ್ನಣೆಯಿತ್ತು. ಅದು ದೊರೆಯುವುದು ಕಷ್ಟವಾದಾಗ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಮಾರ್ಟಿನ್ ಕಂಪನಿಯು 1969ರಲ್ಲಿ ಭಾರತದ ಬೀಟೆಗೆ ಬದಲಾಯಿಸಿತು. ಇತರರೂ ಅದೇ ದಾರಿ ಹಿಡಿದರು. ಕೊಡಗಿನ ಕಾಫಿ ತೋಟಗಳಲ್ಲಿ ನೆರಳು ಕೊಡುವ, ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಮರವೇ ಇದು. ಮೈಸೂರಿನ ಕುಶಲಕರ್ಮಿಗಳು ಬಣ್ಣ ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಬಿಡಿಸುವುದೂ ಇದರ ಹಲಗೆಯ ಮೇಲೆಯೇ. ಬೀಟೆಯು ನಿಧಾನವಾಗಿ ಬಲಿಯುವ ಮರ; ಈಗ ಅಪಾಯದ ಅಂಚಿನಲ್ಲಿದೆ. ಕರ್ನಾಟಕದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಕಡಿಯುವಂತಿಲ್ಲ. 2017ರಲ್ಲಿ ಬೀಟೆಯ ಇಡೀ ಕುಲವನ್ನು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಒಳಪಡಿಸಲಾಯಿತು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆತರೂ ಕೊಯ್ದ ಮರದ ವ್ಯಾಪಾರಕ್ಕೆ ಕಾಗದಪತ್ರಗಳು ಬೇಕೇ ಬೇಕು. ಒಂದು ಸೀಳು ತಪ್ಪಿದರೆ ವ್ಯರ್ಥವಾಗುವುದು ಹಲವು ದಶಕಗಳು ಬೆಳೆಸಿದ ಈ ಮರ.

ತಪ್ಪಿದ ಸೀಳನ್ನು ಮುಚ್ಚಲು ಬರುವುದಿಲ್ಲವೆಂದಲ್ಲ. ಅದೇ ಮರದ ತೆಳುವಾದ ಚಕ್ಕೆಯನ್ನು ಅಂಟು ಸವರಿ ತುಂಬಿ, ಪಕ್ಕದಲ್ಲಿ ಮತ್ತೆ ಕೊಯ್ಯುತ್ತಾರೆ. ಆದರೆ ಸರಿಯಾದ ಜಾಗವು ತಪ್ಪಿದ ಜಾಗಕ್ಕೆ ಕಾಲು ಮಿಲಿಮೀಟರಿನಷ್ಟು ಹತ್ತಿರವಿದ್ದಾಗ ತೆಳು ಚಕ್ರವು ಹಳೆಯ ಸೀಳಿನ ಕಡೆಗೇ ವಾಲುತ್ತದೆ. ದೊಡ್ಡ ತಪ್ಪನ್ನು ತಿದ್ದುವುದಕ್ಕಿಂತ ಸಣ್ಣ ತಪ್ಪನ್ನು ತಿದ್ದುವುದೇ ಇಲ್ಲಿ ಕಷ್ಟ.

ಸೀಳುಗಳು ಸರಿಯಾಗಿ ಬಿದ್ದಿವೆಯೇ ಎಂಬುದು ತಂತಿ ಕಟ್ಟಿದ ದಿನ ತಿಳಿಯುತ್ತದೆ. ಶಿಲ್ಪಿಯು ಹನ್ನೆರಡನೆಯ ಮೆಟ್ಟಿಲಿನ ನೇರದಲ್ಲಿ ತಂತಿಯ ಮೇಲೆ ಬೆರಳನ್ನು ಒತ್ತದೆ, ಸೋಕಿಸಿ ಮಾತ್ರ ಮಿಡಿಯುತ್ತಾನೆ. ತಂತಿಯು ತಾನಾಗಿಯೇ ಎರಡು ಸಮಪಾಲಾಗಿ ಕಂಪಿಸಿ, ಘಂಟೆಯ ನಾದದಂತಹ ತೆಳುವಾದ ಧ್ವನಿ ಹೊರಡುತ್ತದೆ. ಮರುಗಳಿಗೆ ಅದೇ ತಂತಿಯನ್ನು ಅದೇ ಮೆಟ್ಟಿಲಿಗೆ ಒತ್ತಿ ಮಿಡಿಯುತ್ತಾನೆ. ಮೊದಲನೆಯದು ಪ್ರಕೃತಿಯ ಲೆಕ್ಕ, ಎರಡನೆಯದು ಗರಗಸದ ಲೆಕ್ಕ. ಎರಡರ ನಡುವೆ ಸ್ವಲ್ಪವೇ ಅಂತರವಿದ್ದರೆ ಕುದುರೆಯ ಮೇಲಿನ ಆಸರೆಯನ್ನು ಉಜ್ಜಿ, ತಂತಿಯು ಆತುಕೊಳ್ಳುವ ಅಂಚನ್ನು ತುಸು ಹಿಂದಕ್ಕೋ ಮುಂದಕ್ಕೋ ತರುತ್ತಾನೆ. ಆ ಬಳಿಕ ಉಳಿದ ಮೆಟ್ಟಿಲುಗಳನ್ನು ಒಂದೊಂದಾಗಿ ಒತ್ತಿ, ಆರು ತಂತಿಗಳ ಮೇಲೂ ಕೇಳುತ್ತ ಹೋಗುತ್ತಾನೆ.